ಜಿಎಸ್‌ಟಿ ಇಳಿದ ಮೇಲೆ ಮೊದಲ ಬೈಕ್: ‘ಎಷ್ಟು ಸಿಸಿ’ ಎಂಬ ಪ್ರಶ್ನೆಯ ಹಿಂದೆ ಏನಿದೆ?

2025ರ ಸೆಪ್ಟೆಂಬರ್ 22ರಿಂದ ದ್ವಿಚಕ್ರ ವಾಹನಗಳ ಮೇಲಿನ ಜಿಎಸ್‌ಟಿ ಬದಲಾಯಿತು. 350 ಸಿಸಿವರೆಗಿನ (ಸಿಸಿ ಎಂದರೆ ಎಂಜಿನ್ನಿನ ಗಾತ್ರದ ಅಳತೆ) ಬೈಕುಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. 350 ಸಿಸಿ ದಾಟಿದವುಗಳಿಗೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40ಕ್ಕೆ ಏರಿತು. ಅದಕ್ಕೆ ಮೂರು ತಿಂಗಳು ಮೊದಲು, ಎಲ್ಲ ದ್ವಿಚಕ್ರ ವಾಹನಗಳಿಗೂ, ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಬ್ರೇಕ್ ಕಡ್ಡಾಯ ಮಾಡುವ ಕರಡು ನಿಯಮವನ್ನು ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿತ್ತು. ಒಂದು ಸುದ್ದಿ ಬೆಲೆ ಇಳಿಯುತ್ತದೆ ಎಂದಿತು, ಇನ್ನೊಂದು ಏರುತ್ತದೆ ಎಂದಿತು. ಮೂವತ್ತೈದು, ನಲವತ್ತರ ವಯಸ್ಸಿನಲ್ಲಿ ಮೊದಲ ಸಲ ಬೈಕ್ ಕೊಳ್ಳಲು ಹೊರಟವರು ಇವೆರಡರ ನಡುವೆ ಸಿಕ್ಕಿಕೊಂಡಿದ್ದಾರೆ.

ಕೋಲಾರ ಜಿಲ್ಲೆಯಲ್ಲಿ ಇಂಥವರು ಬಹಳ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಪಾಳಿಯ ಮೇಲೆ ಹೋಗುವವರು, ಮುಳಬಾಗಿಲು ಅಥವಾ ಶ್ರೀನಿವಾಸಪುರದ ಹಳ್ಳಿ ಶಾಲೆಗೆ ವರ್ಗವಾದ ಶಿಕ್ಷಕರು, ಇಷ್ಟು ದಿನ ಗೇರಿಲ್ಲದ ಸ್ಕೂಟರ್ ಓಡಿಸಿ ಈಗ ಬೈಕಿನತ್ತ ನೋಡುತ್ತಿರುವ ಹೆಣ್ಣುಮಕ್ಕಳು, ಕಾರು ಗೊತ್ತಿದ್ದೂ ಎರಡು ಚಕ್ರ ಮುಟ್ಟದವರು. ಶೋರೂಮಿನಲ್ಲಿ ಇವರ ಮುಂದೆ ಬರುವ ಪ್ರಶ್ನೆ ಒಂದೇ: 350ರ ಒಳಗೆ ಎಲ್ಲಕ್ಕೂ ಒಂದೇ ತೆರಿಗೆ ಎಂದ ಮೇಲೆ, 350 ಸಿಸಿಯದನ್ನೇ ಏಕೆ ತೆಗೆದುಕೊಳ್ಳಬಾರದು?

ಪ್ರಶ್ನೆ ಸಹಜವಾದದ್ದೇ. ಆದರೆ 350 ಎಂಬ ಗೆರೆಯನ್ನು ಎಳೆದವರು ತೆರಿಗೆಯ ಲೆಕ್ಕ ಹಾಕಿ ಎಳೆದರು. ಹೊಸದಾಗಿ ಕಲಿಯುವವರ ತೋಳು, ಕಾಲು, ಅಭ್ಯಾಸಗಳು ಆ ಲೆಕ್ಕದಲ್ಲಿ ಇರಲಿಲ್ಲ.

ಶೇ 10 ಇಳಿದರೂ ಬೆಲೆ ಅಷ್ಟು ಇಳಿಯಲಿಲ್ಲವೇಕೆ?

ಮೊದಲು ಹಣದ ಗೊಂದಲವನ್ನು ಬಿಡಿಸೋಣ. ತೆರಿಗೆ ಇಲ್ಲದೆ ಒಂದು ಬೈಕಿನ ಬೆಲೆ ಒಂದು ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳಿ. ಹಿಂದೆ ಅದು ಶೋರೂಮಿನಲ್ಲಿ 1,28,000 ರೂಪಾಯಿ, ಈಗ 1,18,000. ಇಳಿದದ್ದು ಹತ್ತು ಸಾವಿರ. ಹಳೆಯ ಬೆಲೆಯ ಲೆಕ್ಕದಲ್ಲಿ ಅದು ಶೇ 8ಕ್ಕಿಂತ ಸ್ವಲ್ಪ ಕಡಿಮೆ. ತೆರಿಗೆಯ ದರದಲ್ಲಿ ಆದ ಇಳಿಕೆಯನ್ನೇ ಬೆಲೆಯ ಇಳಿಕೆ ಎಂದು ತಿಳಿದವರಿಗೆ ಡೀಲರ್ ಮೋಸ ಮಾಡಿದನೇನೋ ಎನ್ನಿಸಿತು. ಇಲ್ಲಿ ಮೋಸವಿಲ್ಲ, ಲೆಕ್ಕವೇ ಹಾಗೆ.

ದೊಡ್ಡ ಬೈಕಿನ ಸೆಳೆತ ಹುಟ್ಟುವುದು ಮುಂದಿನ ಲೆಕ್ಕದಲ್ಲಿ. ಮೂಲ ಬೆಲೆ 60 ಸಾವಿರದ ಸಣ್ಣ ಬೈಕಿಗೆ ಉಳಿತಾಯ ಆರು ಸಾವಿರ, 1.6 ಲಕ್ಷದ 350 ಸಿಸಿ ಬೈಕಿಗೆ ಹದಿನಾರು ಸಾವಿರ. ಜಾಹೀರಾತಿನಲ್ಲಿ ಹದಿನಾರು ಸಾವಿರವೇ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಎರಡರ ನಡುವಿನ ಅಂತರ ನೋಡಿದರೆ ಮೊದಲು 1,28,000 ಇದ್ದದ್ದು ಈಗ 1,18,000. ಅಂದರೆ ದೊಡ್ಡದು ಹತ್ತು ಸಾವಿರದಷ್ಟು ಹತ್ತಿರ ಬಂದಿದೆ, ಆದರೂ ಒಂದು ಲಕ್ಷಕ್ಕೂ ಮೀರಿದ ದೂರದಲ್ಲೇ ಇದೆ.

ಪೆಟ್ರೋಲನ್ನೂ ಸೇರಿಸಿ ನೋಡಬೇಕು. ದಿನಕ್ಕೆ ನಲವತ್ತು ಕಿಲೋಮೀಟರಿನಂತೆ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ, ಲೀಟರಿಗೆ 60 ಕೊಡುವ ನೂರು ಸಿಸಿ ಬೈಕಿನಲ್ಲಿ ಹದಿನೇಳು ಲೀಟರ್ ಸಾಕು. ಲೀಟರಿಗೆ 33 ಕೊಡುವ 350ಕ್ಕೆ ಮೂವತ್ತು ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಹದಿನಾರು ಸಾವಿರ ರೂಪಾಯಿ ಹೆಚ್ಚಿಗೆ ಹೋಗುತ್ತದೆ. ತೆರಿಗೆಯಲ್ಲಿ ಉಳಿಸಿದ ಹಣ ಒಂದೇ ವರ್ಷದಲ್ಲಿ ಪೆಟ್ರೋಲ್ ಬಂಕಿಗೆ ಸೇರಿರುತ್ತದೆ.

ಊರಲ್ಲೇ ತಯಾರಾದರೂ ಅಗ್ಗವಲ್ಲ

ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ 2013ರಿಂದ ನಡೆಯುತ್ತಿದೆ. ನಮ್ಮ ಜಿಲ್ಲೆಯಲ್ಲೇ ತಯಾರಾಗುವ ಬೈಕ್ ನಮಗೇಕೆ ಅಗ್ಗವಾಗಿ ಸಿಗದು ಎಂದು ಕೇಳುವವರಿದ್ದಾರೆ. ಜಿಎಸ್‌ಟಿ ದೇಶಕ್ಕೆಲ್ಲ ಒಂದೇ ದರ. ಬೆಲೆಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ದೊಡ್ಡ ವ್ಯತ್ಯಾಸ ತರುವುದು ರಸ್ತೆ ತೆರಿಗೆ. ಕರ್ನಾಟಕದಲ್ಲಿ ಅದನ್ನು ಜೀವಾವಧಿ ತೆರಿಗೆಯಾಗಿ ಒಮ್ಮೆಲೇ ಕಟ್ಟಬೇಕು. ಬೈಕಿನ ಬೆಲೆ ಏರಿದಂತೆ ಅದರ ದರವೂ ಏರುತ್ತದೆ, ಒಂದು ಲಕ್ಷ ದಾಟಿದ ಬೈಕಿಗೆ ಹೊರೆ ಹೆಚ್ಚು. ಹಾಗಾಗಿ ದೊಡ್ಡ ಬೈಕಿಗೆ ಜಿಎಸ್‌ಟಿಯಲ್ಲಿ ಸಿಕ್ಕ ವಿನಾಯಿತಿ ರಾಜ್ಯದ ರಸ್ತೆ ತೆರಿಗೆಯ ಎದುರು ಸಣ್ಣದಾಗಿ ಕಾಣುತ್ತದೆ.

ಗಡಿ ಜಿಲ್ಲೆಯಾದ್ದರಿಂದ ಕುಪ್ಪಂನಲ್ಲೋ ಹೊಸೂರಿನಲ್ಲೋ ಕೊಂಡರಾಯಿತು ಎಂಬ ಸಲಹೆಯೂ ಕೇಳಿಬರುತ್ತದೆ. ಕಾನೂನಿನ ಪ್ರಕಾರ ವಾಹನ ಸಾಮಾನ್ಯವಾಗಿ ಎಲ್ಲಿ ಇರುತ್ತದೆಯೋ ಅಲ್ಲಿಯೇ ನೋಂದಣಿಯಾಗಬೇಕು. ಹೊರರಾಜ್ಯದ ನೋಂದಣಿಯ ವಾಹನ ಹನ್ನೆರಡು ತಿಂಗಳು ಮೀರಿ ಇಲ್ಲಿ ಉಳಿದರೆ ಕೆಎ ಸಂಖ್ಯೆ ಪಡೆಯಲೇಬೇಕು, ಇಲ್ಲಿನ ತೆರಿಗೆ ಕಟ್ಟಲೇಬೇಕು. ಮೊದಲ ಬೈಕಿಗೆ ಈ ತಲೆನೋವು ಬೇಡ.

ನಾಲ್ಕು ನಿಯಮ, ನಾಲ್ಕು ಗೆರೆ

ಗೊಂದಲದ ಬೇರು ಇರುವುದು ಇಲ್ಲಿ. ಒಂದೇ ಬೈಕನ್ನು ನಾಲ್ಕು ನಿಯಮಗಳು ನಾಲ್ಕು ಕಡೆ ಕತ್ತರಿಸಿ ನೋಡುತ್ತವೆ.

ಜಿಎಸ್‌ಟಿಯ ಗೆರೆ 350 ಸಿಸಿಯಲ್ಲಿದೆ. ಬ್ರೇಕಿನ ಗೆರೆ 125ರಲ್ಲಿ: 2019ರ ಏಪ್ರಿಲ್‌ನಿಂದ ಅದಕ್ಕಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ, 125 ಮತ್ತು ಅದಕ್ಕಿಂತ ಚಿಕ್ಕವಕ್ಕೆ ಎರಡೂ ಚಕ್ರಗಳ ಬ್ರೇಕನ್ನು ಒಟ್ಟಿಗೆ ಹಿಡಿಯುವ ಸಿಬಿಎಸ್ ಇದ್ದರೆ ಸಾಕು. ವಿಮೆಗೆ 75, 150, 350 ಎಂದು ಮೂರು ಗೆರೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ, ಹೊಸ ಬೈಕಿಗೆ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 75ರಿಂದ 150 ಸಿಸಿಗೆ 3,851 ರೂಪಾಯಿ, 150 ದಾಟಿ 350ರವರೆಗೆ 7,365 ರೂಪಾಯಿ. 160 ಸಿಸಿಗೂ 349 ಸಿಸಿಗೂ ಒಂದೇ ಕಂತು. ಇನ್ನು ಡ್ರೈವಿಂಗ್ ಲೈಸೆನ್ಸ್ ಕೇಳುವುದು ಗೇರ್ ಉಂಟೋ ಇಲ್ಲವೋ ಎಂಬುದನ್ನು ಮಾತ್ರ. ಹದಿನೆಂಟು ತುಂಬಿ, ಗೇರಿನ ಬೈಕಿನ ಪರೀಕ್ಷೆ ಪಾಸಾದರೆ ನೂರು ಸಿಸಿಯನ್ನೂ ಓಡಿಸಬಹುದು, ಸಾವಿರ ಸಿಸಿಯನ್ನೂ ಓಡಿಸಬಹುದು.

ಬ್ರಿಟನ್ನಿನಲ್ಲಿ ಲೈಸೆನ್ಸ್ ಮೆಟ್ಟಿಲು ಮೆಟ್ಟಿಲಾಗಿದೆ. ಮೊದಲ ಹಂತದಲ್ಲಿ 125 ಸಿಸಿವರೆಗೆ, ನಂತರದ ಹಂತದಲ್ಲಿ 35 ಕಿಲೋವಾಟ್ ಶಕ್ತಿಯವರೆಗೆ. 24 ತುಂಬಿದವರು ನೇರವಾಗಿ ದೊಡ್ಡ ಬೈಕಿನ ಲೈಸೆನ್ಸಿಗೆ ಹೋಗಬಹುದು, ಆದರೆ ಪರೀಕ್ಷೆಯನ್ನು ದೊಡ್ಡ ಬೈಕಿನ ಮೇಲೆಯೇ ಗೆಲ್ಲಬೇಕು. ನಮ್ಮಲ್ಲಿ ಅಂಥ ತಡೆ ಇಲ್ಲ. ನೆರೆಯವರ ನೂರು ಸಿಸಿ ಬೈಕಿನಲ್ಲಿ ಪರೀಕ್ಷೆ ಮುಗಿಸಿ, ಮರುದಿನ ಅದರ ಎರಡರಷ್ಟು ಭಾರದ ಬೈಕನ್ನು ಹೆದ್ದಾರಿಗೆ ಇಳಿಸಿದರೆ ಕೇಳುವವರಿಲ್ಲ. ಕಾನೂನು ಮಾಡಬೇಕಾದ ವಿವೇಚನೆಯನ್ನು ಇಲ್ಲಿ ಕೊಳ್ಳುವವರೇ ಮಾಡಬೇಕಾಗಿದೆ. ವಯಸ್ಕರ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಇಪ್ಪತ್ತರ ಹುಡುಗನಿಗೆ ದೊಡ್ಡ ಬೈಕ್ ಕೊಳ್ಳಲು ಹಣ ಅಡ್ಡ ಬರುತ್ತದೆ. ನಲವತ್ತರವರಿಗೆ ಸಂಬಳವಿದೆ, ಇಎಂಐ ಸುಲಭವಾಗಿ ಸಿಗುತ್ತದೆ. ಅನುಭವವೊಂದೇ ಇಲ್ಲ.

‘ಒಂದೇ ಸಲ ದೊಡ್ಡದು’ ಎನ್ನುವವರ ವಾದ

ಈ ವಾದವನ್ನು ತಳ್ಳಿಹಾಕುವಂತಿಲ್ಲ. ಸಣ್ಣ ಬೈಕ್ ಕೊಂಡು ಎರಡೇ ವರ್ಷಕ್ಕೆ ಮಾರಿದರೆ ಕಟ್ಟಿದ ಜೀವಾವಧಿ ತೆರಿಗೆ, ನೋಂದಣಿ ಶುಲ್ಕ, ವಿಮೆ ಎಲ್ಲವೂ ನಷ್ಟ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಲಾರಿ, ಬಸ್ಸುಗಳ ನಡುವೆ ಹಗುರವಾದ ಬೈಕ್ ಗಾಳಿಗೆ ಅಲುಗಾಡುತ್ತದೆ, ಭಾರದ ಬೈಕ್ ಗಟ್ಟಿಯಾಗಿ ನಿಲ್ಲುತ್ತದೆ. ನೂರು ಸಿಸಿಗೆ ಹಿಂಬದಿ ಸವಾರರನ್ನು ಕೂರಿಸಿಕೊಂಡು ಲಾರಿಯನ್ನು ಹಿಂದಿಕ್ಕುವ ಪಿಕಪ್ ಇರುವುದಿಲ್ಲ. ಇದೆಲ್ಲ ನಿಜ.

ಶಕ್ತಿಯ ವಿಷಯದಲ್ಲೂ ಇವರ ಮಾತಿನಲ್ಲಿ ಹುರುಳಿದೆ. ಸಿಸಿ ಹೆಚ್ಚಿದ್ದ ಮಾತ್ರಕ್ಕೆ ಬೈಕ್ ಅಂಕೆ ಮೀರಿ ಓಡುವುದಿಲ್ಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಎಂಜಿನ್ ಕೊಡುವುದು ಇಪ್ಪತ್ತು ಅಶ್ವಶಕ್ತಿ. ಕೆಟಿಎಂ 250 ಡ್ಯೂಕ್ ನೂರು ಸಿಸಿ ಕಡಿಮೆ ಇದ್ದರೂ ಮೂವತ್ತರ ಆಸುಪಾಸು ಕೊಡುತ್ತದೆ. ಆಕ್ಸಿಲರೇಟರ್ ತಿರುವಿದಾಗ ಹೊಸಬರನ್ನು ಗಾಬರಿಗೊಳಿಸುವುದು ಎರಡನೆಯದು. ತೆರಿಗೆಯ ಕಣ್ಣಿಗೆ ಇವೆರಡೂ ಒಂದೇ ಗೆರೆಯೊಳಗಿನ ಬೈಕುಗಳು.

ಹಾಗಾದರೆ ಶಾಂತ ಸ್ವಭಾವದ 350 ಮೊದಲ ಬೈಕಾಗಲು ಏನು ಅಡ್ಡಿ? ಅಡ್ಡಿ ಇರುವುದು ಓಡುವಾಗಲ್ಲ, ನಿಂತಾಗ ಮತ್ತು ನಿಧಾನಕ್ಕೆ ತಿರುಗುವಾಗ.

ತೂಕದ ಮಾತು

ಹೋಂಡಾ ಶೈನ್ 100ರ ತೂಕ 99 ಕೆ.ಜಿ. ಹೀರೋ ಸ್ಪ್ಲೆಂಡರ್ ಪ್ಲಸ್ 112 ಕೆ.ಜಿ. 160 ಸಿಸಿ ವರ್ಗದ ಹೋಂಡಾ ಯೂನಿಕಾರ್ನ್ 140ರ ಹತ್ತಿರ. ರಾಯಲ್ ಎನ್‌ಫೀಲ್ಡ್ ಹಂಟರ್ 350 ಸುಮಾರು 181, ಕ್ಲಾಸಿಕ್ 195. ಈಗ ಸೀಟಿನ ಎತ್ತರ ನೋಡಿ: ಸ್ಪ್ಲೆಂಡರ್ 785 ಮಿಲಿಮೀಟರ್, ಹಂಟರ್ 790, ಕ್ಲಾಸಿಕ್ 805. ಎತ್ತರದಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸ, ತೂಕದಲ್ಲಿ ಎಂಬತ್ತು ಕೆ.ಜಿ. ಶೋರೂಮಿನ ನುಣುಪು ನೆಲದ ಮೇಲೆ ಕೂತು ‘ಎರಡೂ ಕಾಲು ನೆಲಕ್ಕೆ ತಾಗುತ್ತವೆ’ ಎಂದು ಸಮಾಧಾನಪಟ್ಟುಕೊಳ್ಳುವವರು ಅಳೆದದ್ದು ಎತ್ತರವನ್ನು. ಬೀಳಿಸುವುದು ತೂಕ.

ನೆಟ್ಟಗೆ ನಿಂತ ಬೈಕಿನ ಭಾರ ಚಕ್ರಗಳ ಮೇಲಿರುತ್ತದೆ, ಸವಾರರಿಗೆ ತಿಳಿಯುವುದೇ ಇಲ್ಲ. ಅದು ವಾಲತೊಡಗಿದಂತೆ ಭಾರ ಕಾಲಿನ ಮೇಲೆ ಬರುತ್ತದೆ, ಒಂದು ಹಂತ ದಾಟಿದರೆ ಹಿಡಿಯಲು ಆಗುವುದಿಲ್ಲ. ಹೊಸಬರು ವಾಲಿಸುವುದು ಎಲ್ಲಿ? ಹೆದ್ದಾರಿಯಲ್ಲಿ ಅಲ್ಲ. ಮನೆಯ ಗೇಟಿನ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ, ಸಂತೆಯ ಸಂದಣಿಯಲ್ಲಿ ಕ್ಲಚ್ ಬೇಗ ಬಿಟ್ಟು ಎಂಜಿನ್ ಆಫ್ ಆದಾಗ, ಕಿರಿದಾದ ರಸ್ತೆಯಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ ಮುಂದಿನ ಬ್ರೇಕ್ ಹಿಡಿದಾಗ. ಕ್ಲಚ್ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬ ಅಂದಾಜು ಬೆರಳಿಗೆ ಬರುವ ತನಕ ಎಂಜಿನ್ ಆಫ್ ಆಗುತ್ತಲೇ ಇರುತ್ತದೆ. ನೂರು ಕೆ.ಜಿ. ಬೈಕಿನಲ್ಲಿ ಆ ಕ್ಷಣ ಕಾಲೂರಿ ಸಾವರಿಸಿಕೊಂಡರೆ ಮುಗಿಯಿತು. ಇನ್ನೂರರ ಹತ್ತಿರದ ಬೈಕಿನಲ್ಲಿ ಲಿವರ್ ಮುರಿಯುತ್ತದೆ, ಕಾಲು ಸೈಲೆನ್ಸರಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಧೈರ್ಯಕ್ಕೆ ಬೀಳುತ್ತದೆ. ನಲವತ್ತರಲ್ಲಿ ನಾಲ್ಕು ಜನರ ಮುಂದೆ ಬೈಕ್ ಕೆಡವಿದವರು ಅದನ್ನು ಮತ್ತೆ ಮುಟ್ಟಲು ಹಿಂಜರಿಯುತ್ತಾರೆ. ಲಕ್ಷಗಟ್ಟಲೆ ಕೊಟ್ಟು ಕೊಂಡ ವಾಹನ ಕವರ್ ಹೊದ್ದು ಮೂಲೆಯಲ್ಲಿ ನಿಲ್ಲುತ್ತದೆ.

ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಸರಳವಾದದ್ದು. ಎಂಜಿನ್ ಆಫ್ ಮಾಡಿ, ಸೈಡ್ ಸ್ಟ್ಯಾಂಡಿನಿಂದ ಬೈಕನ್ನು ನೆಟ್ಟಗೆ ಎತ್ತಿ, ಪಕ್ಕದಲ್ಲಿ ನಿಂತು ಹತ್ತು ಹೆಜ್ಜೆ ಮುಂದಕ್ಕೂ ಹಿಂದಕ್ಕೂ ತಳ್ಳಿ, ಹ್ಯಾಂಡಲ್ ತಿರುಗಿಸಿ ಒಂದು ಸುತ್ತು ಹಾಕಿಸಿ. ಸೀರೆ ಉಡುವವರು ಸೀರೆಯಲ್ಲಿಯೇ, ದಪ್ಪ ಶೂ ಹಾಕಿ ಕೆಲಸಕ್ಕೆ ಹೋಗುವವರು ಅದೇ ಶೂನಲ್ಲಿಯೇ ಮಾಡಿ ನೋಡಬೇಕು. ಉಸಿರು ಬಿಗಿಹಿಡಿದು ತಳ್ಳಬೇಕಾಗಿ ಬಂದರೆ ಆ ಬೈಕ್ ಸದ್ಯಕ್ಕೆ ಬೇಡ.

ಬ್ರೇಕ್: ಹಳೆಯ ಅಭ್ಯಾಸ, ಹೊಸ ನಿಯಮ

ಸ್ಕೂಟರಿನಿಂದ ಬೈಕಿಗೆ ಬರುವವರಿಗೆ ಒಂದು ವಿಶೇಷ ಅಪಾಯವಿದೆ, ಅದರ ಬಗ್ಗೆ ಶೋರೂಮಿನಲ್ಲಿ ಯಾರೂ ಮಾತಾಡುವುದಿಲ್ಲ. ಸ್ಕೂಟರಿನಲ್ಲಿ ಎಡಗೈಯ ಲಿವರ್ ಎಂದರೆ ಬ್ರೇಕ್. ಬೈಕಿನಲ್ಲಿ ಅದೇ ಜಾಗದಲ್ಲಿರುವುದು ಕ್ಲಚ್. ನಾಯಿ ಅಡ್ಡ ಬಂತು, ಗಾಬರಿಯಲ್ಲಿ ಎಡಗೈ ತಾನಾಗಿ ಬಿಗಿಯುತ್ತದೆ. ಬೈಕ್ ನಿಲ್ಲುವ ಬದಲು ಎಂಜಿನ್ನಿನ ಹಿಡಿತವನ್ನೂ ಕಳೆದುಕೊಂಡು ಮುಂದಕ್ಕೆ ಜಾರುತ್ತದೆ. ಹಿಂದಿನ ಬ್ರೇಕ್ ಬಲಗಾಲಿನಲ್ಲಿದೆ ಎಂಬುದು ನೆನಪಾಗುವ ಹೊತ್ತಿಗೆ ತಡವಾಗಿರುತ್ತದೆ. ಹತ್ತು ವರ್ಷದ ಸ್ಕೂಟರ್ ಅನುಭವ ರಸ್ತೆಯ ಅರಿವನ್ನು ಕೊಟ್ಟಿರುತ್ತದೆ, ಆದರೆ ಕೈಕಾಲುಗಳಿಗೆ ಹೊಸ ಪಾಠ ಬೇಕೇ ಬೇಕು. ಬಯಲಿನಲ್ಲಿ ಗಂಟೆಗೆ ಇಪ್ಪತ್ತು ಕಿ.ಮೀ. ವೇಗದಲ್ಲಿ ಬಲಗೈ, ಬಲಗಾಲು ಒಟ್ಟಿಗೆ ಹಿಡಿದು ನಿಲ್ಲಿಸುವ ಅಭ್ಯಾಸವನ್ನು ಮತ್ತೆ ಮತ್ತೆ ಮಾಡದೆ ಇದು ಬರುವುದಿಲ್ಲ.

ಎಬಿಎಸ್ ನೆರವಿಗೆ ಬರುವುದು ಇಂಥಲ್ಲಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಹೋಗುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಅದನ್ನು ಏಕಾಏಕಿ ಹಿಂಡಿದರೆ ಚಕ್ರ ಬಿಗಿದು ಜಾರುತ್ತದೆ, ಮಣ್ಣು ಹರಡಿದ ರಸ್ತೆಯ ಅಂಚಿನಲ್ಲಂತೂ ನೆಲಕ್ಕೆ ಬೀಳುವುದು ಖಚಿತ. ಚಕ್ರ ಬಿಗಿಯುವ ಸೂಚನೆ ಸಿಕ್ಕ ಕೂಡಲೇ ಎಬಿಎಸ್ ಬ್ರೇಕಿನ ಒತ್ತಡವನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಹಲವು ಬಾರಿ.

ಎಲ್ಲ ಬೈಕುಗಳಿಗೂ ಎಬಿಎಸ್ ಬೇಕೆಂಬ ಸರ್ಕಾರದ ನಿಲುವಿಗೆ ಬಲವಾದ ಕಾರಣವಿದೆ: 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5 ಮಂದಿ ದ್ವಿಚಕ್ರ ವಾಹನದವರು. ತಯಾರಕರು ಹೇಳುವುದು ಬೇರೆ. ನೂರು ಸಿಸಿ ಬೈಕುಗಳಲ್ಲಿ ಬಹುಪಾಲು ಡ್ರಮ್ ಬ್ರೇಕ್ ಇರುವುದರಿಂದ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿ, ಅದರ ಮೇಲೆ ಎಬಿಎಸ್ ಕೂಡಿಸಬೇಕು. ಬೆಲೆಗೆ ಅತಿ ಹೆಚ್ಚು ಲೆಕ್ಕ ಹಾಕುವ ಗ್ರಾಹಕರಿಗೇ ಹೊರೆ ಬೀಳುತ್ತದೆ, ಬಿಡಿಭಾಗಗಳ ಪೂರೈಕೆಗೂ ಸಮಯ ಬೇಕು. ಕರಡಿನಲ್ಲಿದ್ದ ದಿನಾಂಕ 2026ರ ಜನವರಿ 1. ಕರಡು ಎಂದರೆ ಆಕ್ಷೇಪಣೆಗೆ ಮುಂದಿಟ್ಟ ಪ್ರಸ್ತಾವ, ಅದನ್ನೇ ಜಾರಿಯಾದ ನಿಯಮವೆಂದು ಓದಿದ್ದರಿಂದ ‘ಈಗಲೇ ಕೊಳ್ಳಿ, ಆಮೇಲೆ ದುಬಾರಿ’ ಎಂಬ ಮಾತು ಹರಡಿತು.

ನನ್ನ ದೃಷ್ಟಿಯಲ್ಲಿ ಹೊಸದಾಗಿ ಕಲಿಯುವ ವಯಸ್ಕರು ಎಬಿಎಸ್‌ಗೆ ಕೊಡುವ ಹೆಚ್ಚಿನ ಹಣ ಇಡೀ ಖರೀದಿಯಲ್ಲಿ ಅತ್ಯಂತ ಸಾರ್ಥಕವಾದದ್ದು. ನಿಯಮದ ದಿನಾಂಕ ನೋಡುತ್ತಾ ಕೂರದೆ ಎದುರಿಗಿರುವ ಬೈಕನ್ನೇ ನೋಡಿ. ಮುಂದಿನ ಚಕ್ರದ ಮಧ್ಯದಲ್ಲಿ, ಡಿಸ್ಕಿನ ಒಳಗಡೆ, ಸಾಲಾಗಿ ಸಣ್ಣ ಕಿಂಡಿಗಳಿರುವ ಇನ್ನೊಂದು ತೆಳುವಾದ ಬಳೆ ಇರುತ್ತದೆ. ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಹಳದಿ ದೀಪ ಹತ್ತಿ, ಬೈಕ್ ಸ್ವಲ್ಪ ದೂರ ಚಲಿಸಿದ ಮೇಲೆ ಆರುತ್ತದೆ. ಇವೆರಡೂ ಇದ್ದರೆ ಎಬಿಎಸ್ ಇದೆ.

ದಿನನಿತ್ಯದ ರಸ್ತೆ ಯಾವುದು?

ಕೋಲಾರ ನಗರದೊಳಗೆ ಓಡಾಟ, ಹಳ್ಳಿಯಿಂದ ಡೇರಿಗೆ ಹಾಲು, ಬಂಗಾರಪೇಟೆ ಸ್ಟೇಷನ್ನಿನವರೆಗೆ ಹೋಗಿ ಬೈಕ್ ನಿಲ್ಲಿಸಿ ರೈಲು ಹತ್ತುವುದು: ಇಷ್ಟೇ ಆದರೆ ನೂರರಿಂದ 125 ಸಿಸಿ ಧಾರಾಳ. ಎರಡು ಚಕ್ರವನ್ನೇ ಮುಟ್ಟದವರಿಗಂತೂ ಇದೇ ಸರಿ. ದಿನವೂ ಹೆದ್ದಾರಿ 75ರಲ್ಲಿ ನರಸಾಪುರಕ್ಕೆ ಹೋಗಿ ಬರಬೇಕಾದವರಿಗೆ, ಅದರಲ್ಲೂ ರಾತ್ರಿ ಪಾಳಿಯವರಿಗೆ, 125 ದಾಟಿದ, 140 ಕೆ.ಜಿ. ಆಸುಪಾಸಿನ ಬೈಕ್ ಹೊಂದುತ್ತದೆ. ಎಬಿಎಸ್ ಸಿಗುತ್ತದೆ, ಹಿಂದಿಕ್ಕುವ ಪಿಕಪ್ ಇರುತ್ತದೆ, ತೂಕವೂ ಕೈಮೀರುವುದಿಲ್ಲ. ಹಲವು ವರ್ಷ ಸ್ಕೂಟರ್ ಓಡಿಸಿದವರು ನೇರವಾಗಿ ಇಲ್ಲಿಂದಲೇ ಆರಂಭಿಸಬಹುದು. ಟೊಮೆಟೊ ಹಂಗಾಮಿನಲ್ಲಿ ಎಪಿಎಂಸಿ ಕಡೆಯ ರಸ್ತೆಗಳಲ್ಲಿ ಕ್ರೇಟ್ ತುಂಬಿದ ಗಾಡಿಗಳು ಹೊತ್ತಲ್ಲದ ಹೊತ್ತಿನಲ್ಲಿ ಸಾಲುಗಟ್ಟುತ್ತವೆ. ಅಲ್ಲಿ ಬೇಕಾದದ್ದು ವೇಗವಲ್ಲ, ನಡಿಗೆಯ ವೇಗದಲ್ಲಿ ಬೈಕನ್ನು ಸಂಭಾಳಿಸುವ ಹಿಡಿತ. ಮಾಲೂರು, ಬೇತಮಂಗಲದ ಕಡೆ ಹಾದುಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇಯನ್ನು ಮನಸ್ಸಿನಲ್ಲಿಟ್ಟುಕೊಂಡು ದೊಡ್ಡ ಬೈಕ್ ಕೊಳ್ಳುವುದು ಬೇಡ, ಅದು ದ್ವಿಚಕ್ರದವರಿಗಾಗಿ ಕಟ್ಟಿದ ರಸ್ತೆಯಲ್ಲ.

ವಿದ್ಯುತ್ ವಾಹನಗಳ ಜಿಎಸ್‌ಟಿ ಶೇ 5ರಲ್ಲೇ ಉಳಿದಿದೆ. ಗೇರ್ ಕಲಿಯುವ ಅಗತ್ಯವೇ ಇಲ್ಲದವರು, ಮನೆಯಲ್ಲಿ ಚಾರ್ಜ್ ಮಾಡಲು ಅನುಕೂಲವಿರುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಲೈಸೆನ್ಸ್ ಮೊದಲು

ಕಾರಿನ ಲೈಸೆನ್ಸ್ ಇದ್ದರೆ ಬೈಕಿಗೂ ನಡೆಯುತ್ತದೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನಡೆಯುವುದಿಲ್ಲ, ಬೈಕನ್ನು ಹೊಸ ವರ್ಗವಾಗಿ ಸೇರಿಸಿಕೊಳ್ಳಬೇಕು. ಗೇರಿಲ್ಲದ ಸ್ಕೂಟರಿನ ಲೈಸೆನ್ಸ್ ಗೇರಿನ ಬೈಕಿಗೆ ಸಲ್ಲದು. ಲೈಸೆನ್ಸ್ ಇಲ್ಲದೆ ಅಪಘಾತವಾದರೆ ಬೈಕಿನ ಹಾನಿಗೆ ವಿಮೆಯ ಹಣ ಸಿಗದು. ನಲವತ್ತು ದಾಟಿದವರು ಅರ್ಜಿಯ ಜೊತೆ ವೈದ್ಯರ ಪ್ರಮಾಣಪತ್ರ, ಅಂದರೆ ನಮೂನೆ 1ಎ ಕೊಡಬೇಕು. ಕಲಿಕಾ ಲೈಸೆನ್ಸ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, ಪಡೆದ ಮೂವತ್ತು ದಿನಗಳ ನಂತರ ಪರೀಕ್ಷೆಗೆ ಹೋಗಬಹುದು. ಆ ಅವಧಿಯಲ್ಲಿ ಹಿಂದೆ ಕೂರಬಹುದಾದವರು ಲೈಸೆನ್ಸ್ ಇರುವ ಕಲಿಸುವವರು ಮಾತ್ರ. ಬೈಕ್ ಬುಕ್ ಮಾಡುವ ಮೊದಲೇ ಆ ತಿಂಗಳನ್ನು ಪರಿಚಿತರ ಹಗುರ ಬೈಕಿನಲ್ಲೋ ಡ್ರೈವಿಂಗ್ ಶಾಲೆಯಲ್ಲೋ ಕಳೆದವರಿಗೆ ತಮ್ಮ ತೋಳಿಗೆ ಎಷ್ಟು ಭಾರ ಒಗ್ಗುತ್ತದೆ ಎಂಬುದು ತಾನಾಗಿ ತಿಳಿದಿರುತ್ತದೆ. ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಇರಲೇಬೇಕು, ಹಿಂಬದಿ ಸವಾರರಿಗೂ ಅದು ಕಡ್ಡಾಯ.

ಮುಂದೇನಾಗಬಹುದು

350ರ ಗೆರೆಯ ಎರಡೂ ಬದಿಯ ತೆರಿಗೆಯಲ್ಲಿ ಶೇ 22ರ ಅಂತರವಿರುವಾಗ ತಯಾರಕರು ಗೆರೆಯ ಒಳಗೆ ಹೆಚ್ಚು ಮಾದರಿಗಳನ್ನು ತರುವುದು ಸಹಜ. ಅವುಗಳಲ್ಲಿ ಕೆಲವು ಶಾಂತವಾಗಿರುತ್ತವೆ, ಕೆಲವು 250 ಸಿಸಿಯಲ್ಲೇ ಮೂವತ್ತು ಅಶ್ವಶಕ್ತಿ ಹಿಂಡುತ್ತವೆ. ಹೀಗಾಗಿ ಸಿಸಿ ಸಂಖ್ಯೆ ಬೈಕಿನ ಸ್ವಭಾವವನ್ನು ಇಂದಿಗಿಂತಲೂ ಕಡಿಮೆ ತಿಳಿಸುತ್ತದೆ. ಅಂಗಡಿಯಲ್ಲಿ ಕೇಳಬೇಕಾದ್ದು ತೂಕ, ಅಶ್ವಶಕ್ತಿ, ಎಬಿಎಸ್ ಎಂಬ ಮೂರನ್ನು.

ಹೊಸ ಬೈಕಿನ ಬೆಲೆ ಇಳಿದಾಗ ಸೆಕೆಂಡ್ ಹ್ಯಾಂಡ್ ಬೆಲೆಯೂ ಇಳಿಯುತ್ತದೆ. ‘ಸಣ್ಣದು ಕೊಂಡು ಮಾರಿದರೆ ನಷ್ಟ’ ಎಂಬ ವಾದಕ್ಕೆ ಉತ್ತರ ಇಲ್ಲಿದೆ: ಎರಡು ಮೂರು ವರ್ಷ ಹಳೆಯದಾದ ಸಣ್ಣ ಬೈಕಿನ ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ, ಕಲಿತು ಮಾರುವಾಗ ಕಳೆದುಕೊಳ್ಳುವುದು ಅಲ್ಪ. ನೋಡಬೇಕಾದ್ದು ಆರ್‌ಸಿ ಮಾರುವವರ ಹೆಸರಿನಲ್ಲೇ ಇದೆಯೇ, ಸಾಲ ತೀರಿದ್ದರೆ ಬ್ಯಾಂಕಿನ ನಮೂನೆ 35 ಇದೆಯೇ, ವಿಮೆ ಚಾಲ್ತಿಯಲ್ಲಿದೆಯೇ ಎಂಬುದನ್ನು. 2023ರ ಏಪ್ರಿಲ್ ನಂತರ ತಯಾರಾದದ್ದಾದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹೊಂದುವ ಭಾಗಗಳಿರುತ್ತವೆ, ಅದಕ್ಕಿಂತ ಹಳೆಯದಾದರೆ ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು. ಹಣ ಕೊಟ್ಟ ದಿನವೇ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿಸಿಕೊಂಡು, ಕೋಲಾರದಲ್ಲಿ ನೋಂದಣಿಯಾದ ಕೆಎ 07 ಆಗಲಿ ಕೆಜಿಎಫ್‌ನ ಕೆಎ 08 ಆಗಲಿ, ಹೆಸರು ವರ್ಗಾವಣೆಯ ಅರ್ಜಿಯನ್ನು ತಡಮಾಡದೆ ಹಾಕಬೇಕು.